ಅಡಿಟಿಪ್ಪಣಿ ಇಲ್ಲದ ಪುಟ್ಟಿ

ಹಳೆಯ ಗಾಡಿ ನೋಡಲು ಹೋಗುವಾಗ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗುವುದು ತಪ್ಪೇ? ಕಳೆದ ತಿಂಗಳು ಕುವೆಂಪುನಗರದ ಒಂದು ಮನೆಯಂಗಳದಲ್ಲಿ ತಪ್ಪು ಎಂದೇ ನನಗೆ ಹೇಳಲಾಯಿತು. ಅಲ್ಲಿ ಬಾಯಿಗೆ ಬರದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಾಡಿ ಯೆಜ್ಡಿ ಕ್ಲಾಸಿಕ್. ಬೇರೆ ದೇಶಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರಿನ ಮೇಲಿರುವ ಮೋಹ ನಮ್ಮೂರಿನಲ್ಲಿ ಈ ಎರಡು ಚಕ್ರದ ಮೇಲಿದೆ. 1960ರಲ್ಲಿ ಹುಟ್ಟಿದ ಐಡಿಯಲ್ ಜಾವಾ ಕಂಪನಿ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಪರವಾನಗಿ ಪಡೆದು ಯಾದವಗಿರಿಯಲ್ಲಿ ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಆ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ ಹೊಡೆದ ಲಿವರನ್ನೇ ತಿರುಗಿಸಿ ಗೇರ್ ಹಾಕುವ ಆ ಗಾಡಿಯ ಸದ್ದು ಕೇಳಿದರೆ ಇಂದಿಗೂ ಈ ಊರಿನ ಅರವತ್ತು ದಾಟಿದವರು ತಿರುಗಿ ನೋಡುತ್ತಾರೆ.

ಮಾರುವವರು 1,40,000 ರೂಪಾಯಿ ಹೇಳಿದ್ದರು. ಫೆಲೋಶಿಪ್ಪಿನಲ್ಲಿ ಬದುಕುವ ನನಗೆ ಅದು ಮೂರು ವರ್ಷದ ಉಳಿತಾಯ. ಬಣ್ಣ ಮುಖ ಕಾಣುವಷ್ಟು ಮಿರುಗುತ್ತಿತ್ತು. ನಾನು ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಹಿಂದಿನ ಮಡ್‌ಗಾರ್ಡಿನ ಮೇಲೆ ಇಟ್ಟೆ. ಮೇಲ್ಭಾಗದಲ್ಲಿ ಗಟ್ಟಿಯಾಗಿ ಹಿಡಿಯಿತು. ಕೆಳಗಿನ ಅಂಚಿಗೆ ತಂದಾಗ ಜಾರಿ ಕೈಗೆ ಬಿತ್ತು. ಬಣ್ಣದಡಿ ಕಬ್ಬಿಣದ ಬದಲು ಬೆರಳು ದಪ್ಪ ಪುಟ್ಟಿ ಇತ್ತು.

“ಏನ್ ಮೇಡಂ, ಹೆಣ್ ನೋಡಕ್ ಬಂದೋರ ಥರ ಮುಟ್ಟಿ ಮುಟ್ಟಿ ನೋಡ್ತೀರಾ? ನಮ್ ತಂದೆ ಓಡಿಸ್ತಿದ್ದ ಗಾಡಿ ಇದು. ಪ್ರೀತಿ ಇದ್ರೆ ತಗೊಳ್ಳಿ, ಇಲ್ದಿದ್ರೆ ಬಿಡಿ” ಅಂದರು.

ಪ್ರೀತಿ ಇದ್ದವರು ಪರೀಕ್ಷೆ ಮಾಡಬಾರದು ಎಂಬ ಈ ಮಾತಿನ ಜೊತೆಗೇ ನನ್ನ ಜಗಳ. ಮೊದಲು ತುಕ್ಕಿನ ಸ್ವಭಾವ ನೋಡೋಣ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಸಿಕ್ಕರೆ ತುಕ್ಕು. ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ಬಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ಕಂಡಾಗ ಒಳಗಿನ ಕೆಲಸ ಬಹುಪಾಲು ಮುಗಿದಿರುತ್ತದೆ. ಬ್ರಿಟನ್ನಿನಲ್ಲಿ ಹಳೆಯ ಎಂಜಿಬಿ ಕಾರು ಕೊಳ್ಳುವವರು ಬಾನೆಟ್ಟಿನ ಹೊಳಪು ನೋಡಿ ಸುಮ್ಮನಾಗುವುದಿಲ್ಲ. ನೆಲಕ್ಕೆ ಬಗ್ಗಿ ಬಾಗಿಲಿನ ಕೆಳಗಿನ ಉದ್ದನೆಯ ಟೊಳ್ಳು ಪೆಟ್ಟಿಗೆಯಂಥ ಭಾಗವನ್ನು ತಟ್ಟಿ ನೋಡುತ್ತಾರೆ. ಕಾರಿನ ಬಲ ನಿಂತಿರುವುದು ಅದರ ಮೇಲೆ, ತುಕ್ಕು ಮೊದಲು ಹಿಡಿಯುವುದೂ ಅಲ್ಲಿಯೇ.

ಯೆಜ್ಡಿಗೂ ಅಂಥ ಜಾಗಗಳಿವೆ. ಟ್ಯಾಂಕಿನ ಎರಡೂ ಬದಿ ಮೊಣಕಾಲಿಗೆ ಆಸರೆಯಾಗುವ ರಬ್ಬರಿನ ಹಿಂದೆ ಮಳೆನೀರು ಸೇರಿ ವರ್ಷಗಟ್ಟಲೆ ಕೂತಿರುತ್ತದೆ. ಟ್ಯಾಂಕಿನ ಒಳಗಡೆ, ಪೆಟ್ರೋಲಿಗಿಂತ ಭಾರವಾದ ನೀರು ತಳದ ಮಡಿಕೆಗೆ ಇಳಿಯುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನೂ ಹೀರುವುದರಿಂದ, ತಿಂಗಳುಗಟ್ಟಲೆ ನಿಂತ ಗಾಡಿಗೆ ಅಪಾಯ ಇನ್ನೂ ಹೆಚ್ಚು. ತುಕ್ಕಿನ ಪುಡಿ ಕಾರ್ಬುರೇಟರಿನ ಜೆಟ್‌ಗೆ ಸಿಕ್ಕಿ ಎಂಜಿನ್ ನಡುರಸ್ತೆಯಲ್ಲಿ ನಿಲ್ಲುತ್ತದೆ. ಬ್ಯಾಟರಿಯ ಆಸಿಡ್ ಸೋರಿದ್ದರೆ ಅದರ ಕೆಳಗಿನ ತಗಡು ಜಾಲರಿಯಾಗಿರುತ್ತದೆ. ಇವನ್ನೆಲ್ಲ ಹೇಗೋ ಸಹಿಸಬಹುದು. ಆದರೆ ಹಿಂದಿನ ಚಕ್ರವನ್ನು ಹಿಡಿದಿರುವ ತೋಳು ಚಾಸಿಗೆ ಸೇರುವ ಕಡೆ ತುಕ್ಕಿದ್ದು, ಅದರ ಮೇಲೆ ಬಣ್ಣ ಬಳಿದಿದ್ದರೆ ಅದು ಕೊಳ್ಳುವವರ ಪ್ರಾಣದ ಜೊತೆ ಆಟ. ಟಾರ್ಚು, ಅಯಸ್ಕಾಂತ, ಬೆರಳ ಗೆಣ್ಣು, ಅರ್ಧ ಗಂಟೆ ಸಮಯ ಇದ್ದರೆ ಇಷ್ಟನ್ನೂ ನೋಡಬಹುದು. ಇದು ಅವಮಾನ ಎನ್ನುವವರು ಯಾರ ಮಾನದ ಬಗ್ಗೆ ಮಾತಾಡುತ್ತಿದ್ದಾರೆ?

ಹಾಗೆಂದು ಹಳೆಯದನ್ನು ರಿಪೇರಿ ಮಾಡಬಾರದು ಎನ್ನುವ ಶುದ್ಧವಾದಿ ನಾನಲ್ಲ. ಮಾನಸಗಂಗೋತ್ರಿಯಲ್ಲಿ ನಾನು ಮಾಡುತ್ತಿರುವ ಪಿಎಚ್‌ಡಿ ಕೆಲಸವೇ ಒಂದು ಬಗೆಯ ರಿಪೇರಿ. ತಾಳೆಗರಿಯ ಪ್ರತಿಗಳನ್ನು ಇಟ್ಟುಕೊಂಡು ಪಾಠ ನಿರ್ಧರಿಸುತ್ತೇನೆ. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥ ಸಂಪಾದನೆ’ ಬರೆದ ಊರು ಇದು. ಗ್ರಂಥ ಸಂಪಾದನೆಯಲ್ಲಿ ಮೊದಲು ಕಲಿಯುವ ಶಿಸ್ತು ಸರಳ. ಹುಳು ತಿಂದ ಜಾಗದಲ್ಲಿ ಚುಕ್ಕೆ ಇಡು. ನೀನು ಊಹಿಸಿ ಸೇರಿಸಿದ ಅಕ್ಷರವನ್ನು ಕಂಸದಲ್ಲಿ ಹಾಕು. ಬೇರೆ ಪ್ರತಿಯಲ್ಲಿ ಬೇರೆ ಪಾಠವಿದ್ದರೆ ಅಡಿಯಲ್ಲಿ ಬರೆ. ಎಂಥ ಪ್ರತಿಭಾವಂತನಾದರೂ ಕಂಸವಿಲ್ಲದೆ ಒಂದು ಸಾಲು ಸೇರಿಸಿದರೆ ಅದು ಪ್ರಕ್ಷಿಪ್ತ. ಸಾಲು ಚೆನ್ನಾಗಿದೆ ಎಂಬ ಕಾರಣಕ್ಕೆ ಯಾರೂ ಅದನ್ನು ಕ್ಷಮಿಸುವುದಿಲ್ಲ.

ಗಾಡಿಗೂ ಇದೇ ನಿಯಮ ಸಾಕು. ಪುಟ್ಟಿ ಹಾಕಿದ್ದು ಅಪರಾಧವಲ್ಲ, ಹಾಕಿದ್ದನ್ನು ಹೇಳದಿದ್ದದ್ದು ಅಪರಾಧ. ಪುಟ್ಟಿಯ ಕೆಳಗೆ ತುಕ್ಕು ಕೆರೆದಿದ್ದಾರೋ ಇಲ್ಲವೋ ಎಂಬುದು ಹೇಳದೆ ಗೊತ್ತಾಗುವುದಿಲ್ಲ. ಕೆರೆಯದಿದ್ದರೆ ಅದು ಒಳಗೇ ಬೆಳೆಯುತ್ತದೆ.

ಇಲ್ಲಿ ಟಿಂಕರಿಂಗ್ ಮಾಡುವವನ ಮೇಲೆ ಕಲ್ಲೆಸೆಯುವುದು ಸುಲಭ. ನಮ್ಮ ಬೀದಿಯ ಮೆಕ್ಯಾನಿಕ್ ಅಣ್ಣನನ್ನು ಕೇಳಿದೆ. “ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆಯೋಕೆ ಮೂರು ದಿನ ಬೇಕಮ್ಮ. ಪುಟ್ಟಿ ಹಚ್ಚೋಕೆ ಒಂದು ಸಾಯಂಕಾಲ ಸಾಕು. ಕೊಳ್ಳೋರು ದುಡ್ಡು ಕೊಡೋದು ಶೈನಿಂಗ್‌ಗೆ. ಮೂರು ದಿನದ ಕೂಲಿ ಯಾರು ಕೊಡ್ತಾರೆ?” ಅಂದ. ಅವನ ಮಾತು ನನಗೇ ತಾಗಿತು. ಆ ಅಂಗಳಕ್ಕೆ ನನ್ನನ್ನು ಎಳೆದು ತಂದದ್ದೂ ಹೊಳಪಿನ ಫೋಟೊಗಳೇ.

ಓದುವ ಬರೆಯುವ ನಾವು ಮಾಡುತ್ತಿರುವುದೇನು? ಪ್ರತಿವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಬರುತ್ತದೆ, ಅದರ ಹಿಂದೆಯೇ ನೆನಪಿನ ಬರಹಗಳು ಬರುತ್ತವೆ. ಅಪ್ಪನ ಜಾವಾ, ಹಿಂದಿನ ಸೀಟು, ದಸರೆಯ ದೀಪ. ಕೊನೆಗೆ “1996ರಲ್ಲಿ ಒಂದು ಯುಗ ಮುಗಿಯಿತು” ಎಂಬ ನಿಟ್ಟುಸಿರು. ಏಕೆ ಮುಗಿಯಿತು? 1985ರಲ್ಲಿ ಹೀರೊ ಹೋಂಡಾದ ನೂರು ಸಿಸಿ ಗಾಡಿ ಬಂದು ಮೈಲೇಜಿನ ಲೆಕ್ಕವನ್ನೇ ಬದಲಿಸಿತು. ಹೊಗೆಯ ನಿಯಮಗಳು ಟು-ಸ್ಟ್ರೋಕ್ ಎಂಜಿನ್ನಿನ ಕತ್ತು ಹಿಡಿದವು. ಆ ಗೇಟಿನಿಂದ ಹೊರಬಂದ ಕಾರ್ಮಿಕರು ಮಾರನೆಯ ದಿನ ಎಲ್ಲಿಗೆ ಹೋದರು? ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮರಳಿ ಬಂದವು. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಬಂತು, ಕೆಲಸ ಬರಲಿಲ್ಲ. ನಮ್ಮ ನೆನಪಿನ ಬರಹಗಳಲ್ಲಿ ಇದಕ್ಕೆ ಒಂದು ಪ್ಯಾರಾ ಸಿಗುವುದು ಅಪರೂಪ. ಅದೂ ಪುಟ್ಟಿಯೇ.

ಇದು ಬರೀ ಬರಹದ ಮಾತಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಪಾರಂಪರಿಕ ನಗರ ಎಂದು ಹೆಮ್ಮೆಪಡುತ್ತ ಆ ಗೋಡೆಗಳ ಪಕ್ಕದಲ್ಲೇ ನಾವೆಲ್ಲ ಹೂವು ಕೊಂಡೆವು, ಫೋಟೊ ತೆಗೆದೆವು. ಗೋಡೆಯನ್ನು ತಟ್ಟಿ ನೋಡುವವರು ನಮಗೆ ಅರಸಿಕರಾಗಿ ಕಂಡರು. ಪರಂಪರೆಯನ್ನು ನಿಜವಾಗಿ ಪ್ರೀತಿಸಿದ್ದವರು ಆ ಅರಸಿಕರೇ ಎಂದು ಈಗ ಅನಿಸುತ್ತದೆ.

ಮಾರುವವರಿಗೆ ನಾನು ಕೊನೆಗೆ ಕೇಳಿದ್ದು ಇಷ್ಟೇ: ಎಲ್ಲೆಲ್ಲಿ ಪುಟ್ಟಿ ಹಾಕಿಸಿದ್ದೀರಿ, ಯಾವ ಯಾವ ಭಾಗ ಬದಲಾಯಿಸಿದ್ದೀರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ, ನೀವು ಹೇಳಿದ ಬೆಲೆಗೇ ತೆಗೆದುಕೊಳ್ಳುತ್ತೇನೆ. ಅವರು ನಕ್ಕರು. ಒಂದು ವಾರದಲ್ಲಿ ಗಾಡಿ ಬೇರೆಯವರಿಗೆ ಹೋಯಿತು.

ಕೊಂಡವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಹಿಂದಿನ ಚಕ್ರ ಬಿಚ್ಚಿಸಿ ತೋಳಿನ ಬುಡ ನೋಡಿಸಿ. ಉಳಿದವರಿಗೆ ಒಂದು ಮನವಿ. ಹಳೆಯ ಗಾಡಿ ನೋಡಲು ಹೋದಾಗ ಅಯಸ್ಕಾಂತ ಒಯ್ಯಿರಿ. ಕೇಳುವ ಮೊದಲೇ “ಇಲ್ಲಿ ಕೊಳೆತಿತ್ತು, ಹೀಗೆ ಸರಿಮಾಡಿಸಿದೆ” ಎಂದು ತೋರಿಸುವವರು ಸಿಕ್ಕರೆ ಚೌಕಾಸಿ ಮಾಡಬೇಡಿ. ಅವರಿಗೆ ಒಂದು ಸಾವಿರ ಹೆಚ್ಚೇ ಕೊಡಿ.