ಸೈಕಲ್‌ಗೆ ಬೀಗ ಹಾಕಿದರೆ ರಸ್ತೆ ಸರಿಯಾದೀತೇ?

"ಅಮ್ಮಾ, ನಾಳೆಯಿಂದ ನಾನು ಸೈಕಲ್‌ನಲ್ಲೇ ಶಾಲೆಗೆ ಹೋಗ್ಲಾ?"

ಐದನೇ ತರಗತಿಯ ಮಗಳು ಹೀಗೆ ಕೇಳಿದಾಗ, ದೋಸೆ ಕಾವಲಿಯಿಂದ ತಲೆ ಎತ್ತದೆಯೇ "ಬೇಡ" ಅಂದುಬಿಟ್ಟೆ. ಯಾಕೆ ಬೇಡ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುಟ್ಟುಹಬ್ಬಕ್ಕೆ ಆಸೆಪಟ್ಟು ಕೊಡಿಸಿದ ಸೈಕಲ್ ಒಂದು ವರ್ಷದಿಂದ ಅಂಗಳ ದಾಟಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಚೈನಿಗೆ ತುಕ್ಕೂ ಹಿಡಿದಿತ್ತು.

ಗೆಳತಿಯರೇ, ನಿಮ್ಮ ಮನೆಯಲ್ಲೂ ಇಂಥದೊಂದು ಸೈಕಲ್ ಉಂಟಲ್ವೇ? ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಮೂಲೆಯಲ್ಲೋ, ಬಾಲ್ಕನಿಯಲ್ಲಿ ಒಗೆದ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗಿಯೋ?

ನಮ್ಮ ಹೆದರಿಕೆ ಸುಳ್ಳೇನೂ ಅಲ್ಲ. ನಮ್ಮ ಕುಕ್ಕುಂದೂರು ಕಾರ್ಕಳ ಪೇಟೆಗೆ ತಾಗಿಕೊಂಡೇ ಇರುವ ಊರು. ಬೆಳಗ್ಗೆ ಎಂಟೂವರೆಗೆ ಜೋಡುರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಟೈಮಿಗೆ ತಲುಪಲು ಓಡುವ ಬಸ್ಸು, ಶಾಲಾ ವಾಹನ, ಜಲ್ಲಿ ತುಂಬಿದ ಟಿಪ್ಪರ್, ರಿಕ್ಷಾ. ಇವುಗಳ ನಡುವೆ ಮಕ್ಕಳನ್ನು ಹಿಂದೆ ಕೂರಿಸಿಕೊಂಡ ನಮ್ಮಂಥ ಸ್ಕೂಟರ್ ಅಮ್ಮಂದಿರು. ಇದರಲ್ಲಿ ಹತ್ತು ವರ್ಷದ ಹುಡುಗಿಯ ಸೈಕಲ್‌ಗೆ ಜಾಗವಾದರೂ ಎಲ್ಲಿ?

ಆದರೆ ನಾನೇ ಸೈಕಲ್ ಹೊಡೆದು ಶಾಲೆಗೆ ಹೋದವಳು! 2006-07ರಲ್ಲಿ ಸರಕಾರ ಎಂಟನೇ ತರಗತಿಯ ಬಡ ಮನೆಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತಲ್ಲ, ಆಗ ನಾನು ಎಂಟನೇ ತರಗತಿ. ಬಿಪಿಎಲ್ ಕಾರ್ಡಿನ ನಮ್ಮ ಮನೆಗೂ ಒಂದು ಸೈಕಲ್ ಬಂತು. ಆಮೇಲೆ ಹುಡುಗರಿಗೂ ಕೊಟ್ಟರು. ನಾವು ಏಳೆಂಟು ಹುಡುಗಿಯರು ಸಾಲಾಗಿ ಹೋಗುತ್ತಿದ್ದೆವು. ಏರಿನಲ್ಲಿ ಇಳಿದು ತಳ್ಳುವುದು, ಇಳಿಜಾರಿನಲ್ಲಿ ಬೊಬ್ಬೆ ಹಾಕುವುದು! ಬಸ್ಸಿಗೆ ಕಾಯದೆ, ಅಣ್ಣನನ್ನು ಗೋಗರೆಯದೆ ನಾವೇ ಹೋಗಿ ನಾವೇ ಬರಬಹುದು ಅಂತ ನನಗೆ ಮೊದಲು ಕಲಿಸಿದ್ದು ಆ ಸೈಕಲ್. ಆ ಧೈರ್ಯವನ್ನು ನನ್ನ ಮಗಳಿಗೆ ಕೊಡಲು ನನ್ನಿಂದ ಆಗುತ್ತಿಲ್ಲವಲ್ಲ ಅನ್ನುವುದೇ ಸಂಕಟ.

ಕಳೆದ ವರ್ಷ ಒಂದು ದಿನ ತಡವಾಯ್ತು ಅಂತ ಸ್ಕೂಟರ್ ಜೋರು ಓಡಿಸುತ್ತಿದ್ದೆ. ಮುಂದೆ ಒಬ್ಬ ಹುಡುಗ, ದೊಡ್ಡ ಬ್ಯಾಗ್ ಬೆನ್ನಿಗೆ ಹಾಕಿ ಸೈಕಲ್ ತುಳಿಯುತ್ತಿದ್ದ. ನಾನು ಹಾರ್ನ್ ಹೊಡೆದದ್ದೇ ತಡ, ಹೆದರಿ ಡಾಮರಿನಿಂದ ಮಣ್ಣಿಗಿಳಿದು ಬಿದ್ದೇ ಬಿಟ್ಟ. ಮೊಣಕಾಲು ಸ್ವಲ್ಪ ತರಚಿತ್ತು. ಎಬ್ಬಿಸಲು ಹೋದರೆ ಅವನೇ "ಸಾರಿ ಆಂಟಿ" ಅನ್ನಬೇಕೇ! ನಾಚಿಕೆಯಿಂದ ನನಗೆ ಮಾತೇ ಹೊರಡಲಿಲ್ಲ. ರಸ್ತೆ ಸರಿಯಿಲ್ಲ ಅಂತ ಮಗಳನ್ನು ಸ್ಕೂಟರ್‌ನಲ್ಲಿ ಬಿಡುವ ನಾನೇ ಇನ್ನೊಬ್ಬಳ ಮಗನಿಗೆ ಆ ಸರಿಯಿಲ್ಲದ ರಸ್ತೆ ಆಗಿದ್ದೆ.

ಅವತ್ತು ನನಗೆ ಹೊಳೆದದ್ದು ಇಷ್ಟೆ. ನಾವು ಪ್ರತಿಯೊಬ್ಬರೂ ನಮ್ಮ ಮಗುವನ್ನು ಮಾತ್ರ ಕಾಪಾಡಲು ಹೋಗುತ್ತೇವೆ. ಒಬ್ಬಳು ಸ್ಕೂಟರ್ ತೆಗೆದರೆ ಪಕ್ಕದವಳು ಕಾರು ತೆಗೆಯುತ್ತಾಳೆ. ಶಾಲೆಯ ಗೇಟಿನಲ್ಲಿ ವಾಹನ ಹೆಚ್ಚುತ್ತದೆ, ಸೈಕಲ್ ಕಡಿಮೆಯಾಗುತ್ತದೆ. ಸೈಕಲ್ ಕಡಿಮೆಯಾದಷ್ಟೂ ಉಳಿದ ಒಂದೆರಡು ಸೈಕಲ್ ಯಾರ ಕಣ್ಣಿಗೂ ಬೀಳುವುದಿಲ್ಲ. ಒಬ್ಬಳೇ ಹೆದರಿದರೆ ಅದು ಮನೆಯೊಳಗಿನ ಚಿಂತೆ. ಹತ್ತು ಮಂದಿ ತಾಯಂದಿರು ಕೂಡಿ ಹೇಳಿದರೆ ಅದು ಊರಿನ ಬೇಡಿಕೆ.

ಸೈಕಲ್‌ಗೆ ಹೆಸರಾದ ನೆದರ್ಲೆಂಡ್ಸ್ ದೇಶ ಕೂಡ ಸುಮ್ಮನೆ ಹಾಗಾದದ್ದಲ್ಲ. ಅಲ್ಲೂ ಕಾರುಗಳು ಹೆಚ್ಚಿ, ಸೈಕಲ್‌ಗಳು ಮೂಲೆ ಸೇರಿದ್ದವು. 1971ರಲ್ಲಿ ರಸ್ತೆ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಗ ಹುಟ್ಟಿಕೊಂಡ ಚಳವಳಿಯ ಹೆಸರೇ 'ಮಕ್ಕಳ ಕೊಲೆ ನಿಲ್ಲಿಸಿ' ಎಂದು. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು ಬರೆದ ಲೇಖನದಿಂದ ಆ ಹೆಸರು ಬಂತು. ಅದರ ಮೊದಲ ಅಧ್ಯಕ್ಷೆ ಮಾರ್ಟ್ಯೆ ವಾನ್ ಪುಟನ್ ಆಗ ಎಳೆಯ ಮಗುವಿನ ತಾಯಿ. ಅಪ್ಪ ಅಮ್ಮಂದಿರು ಬೀದಿಗಿಳಿದರು, ಅಪಾಯದ ಜಾಗಗಳಲ್ಲಿ ರಸ್ತೆ ತಡೆದರು, ಮಕ್ಕಳಿಗೆ ಆಡಲು ಬೀದಿ ಬಿಡಿಸಿದರು. ಈಗ ನಾವು ಫೋಟೋದಲ್ಲಿ ನೋಡಿ ಹೊಟ್ಟೆಕಿಚ್ಚು ಪಡುವ ಸೈಕಲ್ ದಾರಿಗಳ ಹಿಂದೆ ಈ ಮನೆಮಂದಿಯ ಹಟ ಇದೆ.

ಅಷ್ಟು ದೂರ ಯಾಕೆ? ನಮ್ಮ ಬೆಂಗಳೂರಿನಲ್ಲೇ 2013ರ ಅಕ್ಟೋಬರ್‌ನಲ್ಲಿ 'ಸೈಕಲ್ ಡೇ' ಶುರುವಾಯಿತು. ಭಾನುವಾರ ಕೆಲವು ಗಂಟೆ ರಸ್ತೆಗೆ ವಾಹನ ಬಿಡದೆ, ಮಕ್ಕಳು ಮುದುಕರೆನ್ನದೆ ಎಲ್ಲರಿಗೂ ಬಿಟ್ಟುಕೊಡುವ ಕಾರ್ಯಕ್ರಮ. ನಗರ ಭೂಸಾರಿಗೆ ನಿರ್ದೇಶನಾಲಯದ ಜೊತೆ ಆಯಾ ಬಡಾವಣೆಯ ನಿವಾಸಿಗಳೂ ಕೈಜೋಡಿಸಿ ಇದನ್ನು ಬೇರೆ ಬೇರೆ ಕಡೆ ನಡೆಸಿದರು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಬಂತು.

ಹಾಗಾದರೆ ನಾವು ಗೃಹಿಣಿಯರು ಮಾಡಬಹುದಾದದ್ದು ಏನು? ನಾವು ಐದು ಮನೆಯವರು ಕೂಡಿ ಮಾಡುತ್ತಿರುವುದನ್ನೇ ಹೇಳುತ್ತೇನೆ.

* ಮೊದಲು ಮಕ್ಕಳ ಜೊತೆ ಶಾಲೆಯ ದಾರಿಯನ್ನು ಒಮ್ಮೆ ನಡೆದು ನೋಡಿ. ಎಲ್ಲಿ ತಿರುವು ಕಾಣುವುದಿಲ್ಲ, ಎಲ್ಲಿ ಡಾಮರಿನ ಅಂಚು ಕಿತ್ತುಹೋಗಿದೆ, ಎಲ್ಲಿ ಬೀದಿದೀಪ ಇಲ್ಲ ಅಂತ ಬರೆದುಕೊಳ್ಳಿ. ಮಕ್ಕಳ ಕಣ್ಣಿಗೆ ಕಾಣುವುದು ನಮಗೆ ಕಾಣುವುದೇ ಇಲ್ಲ!

* ಒಂಟಿಯಾಗಿ ಕಳಿಸುವ ಬದಲು ಸಾಲಾಗಿ ಕಳಿಸಿ. ಮುಂದೊಬ್ಬರು, ಹಿಂದೊಬ್ಬರು ದೊಡ್ಡವರಿರಲಿ. ಶನಿವಾರದ ಬೆಳಗ್ಗಿನ ಶಾಲೆಗೆ ವಾಹನ ಕಡಿಮೆ ಇರುತ್ತದೆ. ವಾರಕ್ಕೆ ಒಂದೇ ದಿನವಾದರೂ ಸಾಕು. ಕೊನೆಯ ಸೈಕಲ್‌ನಲ್ಲಿ ಹೋಗುವವಳು ನಾನೇ. ಮೊದಲ ದಿನ ಏದುಸಿರು ಬಂದದ್ದು ನಿಜ!

* ಸೈಕಲ್‌ನ ಬ್ರೇಕ್, ಬೆಲ್, ಹಿಂದಿನ ಕೆಂಪು ರಿಫ್ಲೆಕ್ಟರ್ ತಿಂಗಳಿಗೊಮ್ಮೆ ನೋಡಿ. ಹೆಲ್ಮೆಟ್ ಇರಲಿ. ಹೆಣ್ಣುಮಕ್ಕಳ ದುಪ್ಪಟ್ಟಾ ಚೈನಿಗೆ ಸಿಕ್ಕದಂತೆ ಕಟ್ಟಿಸಿ. ಎಡಗಡೆಯೇ ಹೋಗಲು ಕಲಿಸಿ.

* ನಿಮ್ಮ ಬೇಡಿಕೆಯನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಕೊಡಿ. ಹಳ್ಳಿಯವರಿಗೆ ಗ್ರಾಮಸಭೆ ಉಂಟು. ಮಕ್ಕಳೇ ಎದ್ದು ಮಾತಾಡುವ ಮಕ್ಕಳ ಗ್ರಾಮಸಭೆಯೂ ಉಂಟು. ನಗರದವರು ವಾರ್ಡ್ ಸಮಿತಿಗೆ, ಇಲ್ಲವೇ ವಾರ್ಡಿನ ಸದಸ್ಯರಿಗೆ ಕೊಡಬಹುದು. ರಸ್ತೆ ಲೋಕೋಪಯೋಗಿ ಇಲಾಖೆಯದ್ದಾದರೆ ಪಂಚಾಯತ್ ನಿರ್ಣಯ ಮಾಡಿ ಅಲ್ಲಿಗೆ ಕಳಿಸಬಹುದು. ನಾವು ಕೇಳುವುದು ಮೂರೇ: ಶಾಲೆಯ ಹತ್ತಿರ ವೇಗ ತಡೆ, ಡಾಮರಿನ ಅಂಚಿಗೆ ಮಣ್ಣು, ಒಂದು ಬೀದಿದೀಪ. ಅರ್ಜಿ ಬರೆದು ಮುಗಿದಿದೆ, ಮುಂದಿನ ಗ್ರಾಮಸಭೆಗೆ ಕಾಯುತ್ತಿದ್ದೇವೆ.

* ನಮ್ಮ ಕೈಯನ್ನೂ ನಾವೇ ಹಿಡಿಯಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೂ ಗಾಡಿ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ, ಜನ ಮತ್ತು ವಾಹನ ಬೆರೆಯುವಲ್ಲಿ ಗಂಟೆಗೆ 30 ಕಿ.ಮೀ. ಮೀರಬಾರದು ಎಂದಿತು. ಶಾಲೆಯ ಹತ್ತಿರ ನಮ್ಮ ಸ್ಕೂಟರಿನ ಮುಳ್ಳು 30 ದಾಟದಿರಲಿ. ಸೈಕಲ್ ಕಂಡರೆ ಹಾರ್ನ್ ಬೇಡ, ಜಾಗ ಕೊಡಿ.

"ಈ ಏರುತಗ್ಗಿನ ಊರಿನಲ್ಲಿ, ನಾಲ್ಕು ತಿಂಗಳ ಜಡಿಮಳೆಯಲ್ಲಿ ಸೈಕಲ್ ಎಲ್ಲಿಯ ಮಾತು ಮಾರಾಯ್ತಿ!" ಅಂತ ನಮ್ಮ ನೆರೆಮನೆಯ ಅಕ್ಕ ನಕ್ಕಿದ್ದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಮಳೆಯಲ್ಲಿ ನಾವೂ ಕಳಿಸುವುದಿಲ್ಲ. ತೀರಾ ದೂರದ ಮಕ್ಕಳಿಗೆ ಬಸ್ಸೇ ಸರಿ. ಆದರೆ ಮಳೆ ಬಿಟ್ಟ ತಿಂಗಳುಗಳಲ್ಲಿ ಒಂದೂವರೆ ಕಿಲೋಮೀಟರ್ ದೂರದ ಶಾಲೆಗೆ ಮಗು ಸೈಕಲ್‌ನಲ್ಲಿ ಹೋಗಲಾಗದಂಥ ಊರು ನಮಗೆ ಬೇಕೇ? ಸೈಕಲ್‌ಗೆ ಸರಿಯಾದ ರಸ್ತೆ ನಡೆದು ಬರುವ ಅಜ್ಜಿಗೂ ಸರಿ, ಬೀಡಿ ಕೊಡಲು ಹೋಗುವ ಹೆಂಗಸಿಗೂ ಸರಿ.

ಮೊನ್ನೆ ಶನಿವಾರ ಅದೇ ಅಕ್ಕ ಮೊಮ್ಮಗನ ಸೈಕಲ್‌ಗೆ ಗಾಳಿ ಹಾಕಿಸಿ ಗೇಟಿನ ಹತ್ತಿರ ನಿಂತಿದ್ದರು. "ಇವನನ್ನೂ ನಿಮ್ಮ ಸಾಲಿನಲ್ಲಿ ಸೇರಿಸ್ತೀರಾ?" ಅಂದರು. ಈಗ ನಮ್ಮದು ಆರು ಮನೆ.

ನಿಮ್ಮ ಬೀದಿಯಲ್ಲಿ ಎಷ್ಟು ಸೈಕಲ್‌ಗಳು ಬೀಗ ಹಾಕಿ ನಿಂತಿವೆ? ಇವತ್ತು ಸಂಜೆ ಒಮ್ಮೆ ಎಣಿಸಿ ನೋಡಿ. ಆಮೇಲೆ ಆ ಮನೆಗಳ ಬಾಗಿಲು ತಟ್ಟಿ.