ಮೊದಲನೇ ಭಾನುವಾರ

ನಾನು ಬೆಂಗಳೂರಿಗೆ ನಾಲ್ಕು ಸಲ ಹೋಗಿದ್ದೇನೆ. ಎರಡು ಸಲ ಮದುವೆಗೆ, ಎರಡು ಸಲ ಮಾವನವರ ಕಣ್ಣಿನ ಆಪರೇಷನ್ನಿಗೆ. ಛತ್ರದ ಅಡುಗೆಮನೆ ಹೇಗಿತ್ತು, ಆಸ್ಪತ್ರೆಯ ಬೆಂಚು ಎಷ್ಟು ತಣ್ಣಗಿತ್ತು ಅಂತ ಕೇಳಿ, ಹೇಳುತ್ತೇನೆ. ಲಾಲ್‌ಬಾಗ್ ಹೇಗಿದೆ ಅಂತ ಕೇಳಿದರೆ ಮಾತ್ರ ಬಾಯಿ ಮುಚ್ಚಿಕೊಳ್ಳಬೇಕು. ನಿಮ್ಮಲ್ಲೂ ಬಹಳ ಜನರ ಕಥೆ ಇದೇ ಇರಬೇಕು, ಅಲ್ಲವೇ? ನಾವು ಪರಊರಿಗೆ ಹೋಗುವುದೇನಿದ್ದರೂ ಕೆಲಸದ ಮೇಲೆ. ಸುಮ್ಮನೆ ನೋಡಿಕೊಂಡು ಬಾ ಅಂತ ಯಾರು ಕಳಿಸುತ್ತಾರೆ?

1996ರಲ್ಲಿ ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಶಾಲೆಯಿಂದ ಬೆಂಗಳೂರು, ಮೈಸೂರಿಗೆ ಪ್ರವಾಸ ಹೊರಟಿತ್ತು. ನಾನೂ ಹೆಸರು ಕೊಟ್ಟಿದ್ದೆ. ಅಮ್ಮ ಚಕ್ಕುಲಿ ಸುಟ್ಟು ಡಬ್ಬಿಗೆ ತುಂಬಿಯೂ ಆಗಿತ್ತು. ಹಿಂದಿನ ದಿನ ಸಂಜೆ ಅಪ್ಪ "ಬೆಳೆದ ಹುಡುಗಿ, ರಾತ್ರಿ ಬಸ್ಸು, ಬೇಡ" ಅಂದರು. ಅಷ್ಟೇ. ಡಬ್ಬಿಯನ್ನು ಪಕ್ಕದ ಮನೆ ಹುಡುಗಿಯ ಕೈಗೆ ಕೊಟ್ಟೆವು. ಚಕ್ಕುಲಿ ಹೋಯಿತು, ನಾನು ಉಳಿದೆ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಪುಟ್ಟಿ ಬಿ.ಕಾಂ. ಓದಲಿಕ್ಕೆ ಸಾಗರದಿಂದ ಬೆಂಗಳೂರಿಗೆ ಹೋಗಿದ್ದಾಳೆ. ವಿಜಯನಗರದಲ್ಲಿ ಹಾಸ್ಟೆಲ್ಲು. ಹೋದ ಮೊದಲ ವಾರವೇ ಫೋನು: "ಅಮ್ಮ, ಭಾನುವಾರ ಊರು ನೋಡೋಕೆ ಹೋಗ್ತೀನಿ." ಯಾರ ಜೊತೆ ಅಂದರೆ, ನಮ್ಮ ಬೀದಿ ಕೊನೆಯ ಟೈಲರ್ ಅಂಗಡಿಯವರ ಮಗಳ ಜೊತೆ. ಅವಳು ಒಂದು ವರ್ಷ ಮುಂಚೆಯೇ ಅಲ್ಲಿಗೆ ಹೋದವಳು. ಸತ್ಯ ಹೇಳಿಬಿಡುತ್ತೇನೆ, ನನಗೆ ಅದು ಅಷ್ಟು ಹಿಡಿಸಲಿಲ್ಲ. ಆ ಹುಡುಗಿ ಗಟ್ಟಿ ಬಾಯಿಯವಳು, ಕೂದಲು ಕತ್ತರಿಸಿಕೊಂಡಿದ್ದಾಳೆ, ಯಾರಿಗೂ ಹೆದರುವವಳಲ್ಲ. ನಮ್ಮ ಅತ್ತೆಯವರಂತೂ "ಓದೋಕೆ ಕಳ್ಸಿದ್ದೋ ತಿರುಗೋಕೋ?" ಅಂತ ಎರಡು ದಿನ ಗೊಣಗಿದರು. ಬೇಡ ಅನ್ನುವ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆ ಚಕ್ಕುಲಿ ಡಬ್ಬಿ ನೆನಪಾಯಿತು ನೋಡಿ, ಹೂಂ ಅಂದುಬಿಟ್ಟೆ.

ಬೆಳಿಗ್ಗೆ ಏಳೂವರೆಗೆ ಹೊರಟರು. ವಿಜಯನಗರದಲ್ಲಿ ನೇರಳೆ ಲೈನಿನ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು, ಹಸಿರು ಲೈನಿಗೆ ಬದಲಾಯಿಸಿಕೊಂಡರೆ ಲಾಲ್‌ಬಾಗಿನ ಪಶ್ಚಿಮ ಗೇಟಿನ ಹತ್ತಿರವೇ ಇಳಿಸುತ್ತದಂತೆ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮಾತ್ರ ಶುರುವಾದ ರೈಲು ಇದು, ಈಗ ಊರಿನ ನಾಲ್ಕು ದಿಕ್ಕಿಗೂ ಓಡುತ್ತದೆ. ಮೆಜೆಸ್ಟಿಕ್ಕಿನಲ್ಲಿ ನೆಲದಡಿಯಲ್ಲೇ ಒಂದರ ಕೆಳಗೆ ಒಂದು ಎರಡು ಲೈನು. ನಡೆಯುವ ಮೆಟ್ಟಿಲ ಮುಂದೆ ನಮ್ಮವಳು ಕಾಲಿಡಲಾರದೆ ನಿಂತುಬಿಟ್ಟಳಂತೆ. ಹಿಂದೆ ಜನ! ಆ ಗಟ್ಟಿ ಬಾಯಿಯ ಹುಡುಗಿ ಕೈ ಹಿಡಿದು "ಕೆಳಗೆ ನೋಡ್ಬೇಡ, ನನ್ನ ಮುಖ ನೋಡು" ಅಂತ ಹತ್ತಿಸಿದಳಂತೆ. (ಸೀರೆ ಉಡುವವರು ನೆರಿಗೆಯನ್ನು ಒಂದು ಗೇಣು ಎತ್ತಿ ಹಿಡಿದುಕೊಂಡೇ ಅದನ್ನು ಹತ್ತಬೇಕು. ಇದೂ ಮಗಳೇ ಕಲಿಸಿದ ಪಾಠ.)

ಲಾಲ್‌ಬಾಗು 240 ಎಕರೆ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ, ಟಿಪ್ಪು ಬೆಳೆಸಿದ. ಮಧ್ಯದ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಲಂಡನ್ನಿನಲ್ಲಿದ್ದ ಕ್ರಿಸ್ಟಲ್ ಪ್ಯಾಲೇಸನ್ನು ನೋಡಿ ಮಾಡಿದ್ದಂತೆ. ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಹೂವಿನ ಪ್ರದರ್ಶನ ನಡೆಯುವುದು ಅಲ್ಲೇ. ಇವರು ಹೋದಾಗ ಹೂವಿನ ಸಂಭ್ರಮವೇನೂ ಇರಲಿಲ್ಲ, ಬರೀ ಕಬ್ಬಿಣ, ಗಾಜು, ಬೆಳಕು. "ಖಾಲಿ ಇದ್ರೇ ಚಂದ ಅಮ್ಮ, ಮದುವೆ ಮುಗಿದ ಛತ್ರದ ಥರ" ಅಂದಳು. ಛತ್ರದ ಹೋಲಿಕೆ ಅವಳಿಗೆ ಯಾರಿಂದ ಬಂತೋ ಏನೋ!

ಆಮೇಲೆ ಬಂಡೆ ಹತ್ತಿದರು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಭೂಗರ್ಭ ಶಾಸ್ತ್ರದವರ ಲೆಕ್ಕ. ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಅಲ್ಲಿ ಕೂತು, ನಾನು ಹಾಸ್ಟೆಲ್ಲಿಗೆ ಕಟ್ಟಿ ಕಳಿಸಿದ್ದ ಹುರಿದ ಅವಲಕ್ಕಿ ತಿಂದರಂತೆ. ಮುನ್ನೂರು ಕೋಟಿ ವರ್ಷದ ಕಲ್ಲಿನ ಮೇಲೆ ನನ್ನ ಒಗ್ಗರಣೆ! ನಗಬೇಡಿ, ನನಗೆ ತುಂಬಾ ಸಂತೋಷವಾಯಿತು.

ಆ ಅವಲಕ್ಕಿ ಹೇಗೆ ಅಂತ ಕೇಳುವವರಿದ್ದೀರಿ, ಹೇಳಿಬಿಡುತ್ತೇನೆ. ಪೇಪರ್ ಅವಲಕ್ಕಿ ಅರ್ಧ ಕೇಜಿ ಒಂದು ಬಿಸಿಲು ಒಣಗಿಸಿ. ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ತನಕ ಹುರಿದು ತೆಗೆದಿಡಿ. ಬಾಣಲೆಯಲ್ಲಿ ನಾಲ್ಕೈದು ಚಮಚ ಎಣ್ಣೆಗೆ ಶೇಂಗಾ, ಕೊಬ್ಬರಿ ಚೂರು, ಹುರಿಗಡಲೆ, ಒಣಮೆಣಸಿನಕಾಯಿ, ಕರಿಬೇವು ಹಾಕಿ. ಕರಿಬೇವು ಗರಿಗರಿ ಆಗಲೇಬೇಕು, ಹಸಿ ಉಳಿದರೆ ನಾಲ್ಕೇ ದಿನದಲ್ಲಿ ಅವಲಕ್ಕಿ ಮೆತ್ತಗಾಗುತ್ತದೆ. ಅರಿಶಿನ, ಉಪ್ಪು, ಚಿಟಿಕೆ ಸಕ್ಕರೆ ಹಾಕಿ, ಒಲೆ ಆರಿಸಿದ ಮೇಲೆ ಅವಲಕ್ಕಿ ಬೆರೆಸಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ಹದಿನೈದು ದಿನ ನಿಶ್ಚಿಂತೆ.

ಅಲ್ಲಿಂದ ನಡೆದೇ ಗಾಂಧಿ ಬಜಾರಿಗೆ. 1943ರಿಂದ ಇರುವ ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಸರದಿ ಕಾದು ಕೂತರು. ಸಪ್ಲೈಯರು ಕೈಯುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ಫೋಟೋ ತೆಗೆದು ನನಗೆ ಕಳಿಸಿದಳು. ಆಗ ಹನ್ನೆರಡೂವರೆ. ಅದೇ ಕೊನೆ. ಆಮೇಲೆ ಸುದ್ದಿಯೇ ಇಲ್ಲ.

ಒಂದು ಗಂಟೆಗೆ ಫೋನು ಮಾಡಿದೆ. ಸ್ವಿಚ್ ಆಫ್. ಗೆಳತಿಯ ನಂಬರಿಗೆ ಮಾಡಿದರೆ ರಿಂಗಾಗುತ್ತದೆ, ಎತ್ತುವವರಿಲ್ಲ. ಇವರು ಪೇಪರಿನ ಹಿಂದಿನಿಂದಲೇ "ಬರ್ತಾರೆ ಬಿಡೇ" ಅಂದರು. ಎರಡು ಗಂಟೆಯಾಯಿತು. ಒಲೆ ಮೇಲೆ ಹಾಲಿಟ್ಟು ಮರೆತು, ಅದು ಉಕ್ಕಿ ಒಲೆಯೇ ಆರಿತ್ತು. ಅತ್ತೆಯವರು ಮಾತಾಡಲಿಲ್ಲ. ಅವರು ಗೊಣಗಿದ್ದರೇ ವಾಸಿಯಿತ್ತು. ಕಾಲಿಗೆ ಚಪ್ಪಲಿ ಸಿಕ್ಕಿಸಿ ಸೀದಾ ಟೈಲರ್ ಮನೆಗೆ ಹೋದೆ.

ಅದೇ ಬೀದಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ, ರವಿಕೆ ಹೊಲಿಸಲು ನೂರು ಸಲ ಹೋಗಿದ್ದೇನೆ, ಅಂಗಡಿಯ ಹಿಂದಿನ ಆ ಮನೆಯೊಳಗೆ ಕಾಲಿಟ್ಟಿದ್ದು ಅವತ್ತೇ. ಆಕೆ ಸೀರೆಗೆ ಫಾಲ್ಸ್ ಹಾಕುತ್ತ ಕೂತಿದ್ದರು. "ಕೂತ್ಕಳಿ ಅಕ್ಕ. ನೋಡ್ತಾ ಇರ್ತಾವೆ ಹುಡುಗ್ರು. ನೋಡುವಾಗ ಫೋನ್ ನೆನಪಾಗ್ತದಾ?" ಅಂದರು. ನೀರು ಕೊಟ್ಟರು. ಸೂಜಿ ನಿಲ್ಲಿಸದೆ ಒಂದು ಮಾತು ಹೇಳಿದರು. ಅವರ ಮಗಳು ಹೋದ ವರ್ಷ ಮೊದಲ ಭಾನುವಾರ ಒಬ್ಬಳೇ ಲಾಲ್‌ಬಾಗಿಗೆ ಹೋಗಿದ್ದಳಂತೆ. ಅಮ್ಮನಿಗೆ ಕಳಿಸಲಿಕ್ಕೆ ಒಂದು ಫೋಟೋ ಬೇಕು, ತೆಗೆಯುವವರಿಲ್ಲ. ಬಂಡೆ ಮೇಲೆ ಕೂತಿದ್ದ ಯಾವುದೋ ಸಂಸಾರದವರನ್ನು ಕೇಳಿದಳಂತೆ. ಅವರು ಫೋಟೋ ತೆಗೆದುಕೊಟ್ಟು, ಕರೆದು ಚಿತ್ರಾನ್ನ ಕೊಟ್ಟರಂತೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಇವಳಿಗೆ ಅಳು. "ಅದಕ್ಕೇ ಅಕ್ಕ, ನಿಮ್ಮ ಪುಟ್ಟಿ ಬರ್ತಾಳೆ ಅಂತ ಗೊತ್ತಾದ ದಿನವೇ ಹೇಳಿದ್ಲು. ಅವಳ ಮೊದಲ್ನೇ ಭಾನುವಾರ ಒಬ್ಳನ್ನೇ ಬಿಡಲ್ಲ ಅಂತ."

ನಾನು ತಲೆ ತಗ್ಗಿಸಿ ನೀರು ಕುಡಿದೆ. ಗಟ್ಟಿ ಬಾಯಿ, ಕತ್ತರಿಸಿದ ಕೂದಲು ಅಂತ ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದು ಆಕೆಗೆ ಕೇಳಿಸಿತೇನೋ ಅನ್ನಿಸಿತು.

ಮೂರು ಮುಕ್ಕಾಲಿಗೆ ಆಕೆಯ ಫೋನೇ ಹೊಡೆದುಕೊಂಡಿತು. ಅವರ ಮಗಳ ನಂಬರು, ನಮ್ಮವಳ ದನಿ. "ಅಮ್ಮಂಗೆ ಹೇಳಿ ಆಂಟಿ..." ಅನ್ನುತ್ತಿದ್ದವಳು ನನ್ನ ದನಿ ಕೇಳಿ ಗಪ್‌ಚಿಪ್. ನಡೆದದ್ದಿಷ್ಟೇ. ಫೋಟೋ ತೆಗೆದೂ ತೆಗೆದೂ ಇವಳ ಫೋನಿನ ಚಾರ್ಜು ಮುಗಿದಿತ್ತು. ಅವಳ ಫೋನು ದನಿ ಕಟ್ಟಿ ಚೀಲದ ಅಡಿಗೆ ಸೇರಿತ್ತು. ಗಾಂಧಿ ಬಜಾರಿನಲ್ಲಿ ಮಾತಿನ ಭರದಲ್ಲಿ ರಸ್ತೆಯ ತಪ್ಪು ಬದಿಯಲ್ಲಿ ನಿಂತು, ಮಾರ್ಕೆಟ್ಟಿಗೆ ಹೋಗುವ ಬದಲು ಬನಶಂಕರಿಯ ಬಸ್ಸು ಹತ್ತಿದ್ದಾರೆ. ಅದರಲ್ಲೂ ನಮ್ಮವಳ ಆಧಾರ್ ಕಾರ್ಡು ಹಾಸ್ಟೆಲ್ಲಿನಲ್ಲಿ, ನಕಲು ಸತ್ತುಹೋದ ಫೋನಿನಲ್ಲಿ! 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಇದ್ದರೂ ಗುರುತಿನ ಚೀಟಿ ತೋರಿಸದೆ ಶೂನ್ಯ ಟಿಕೆಟ್ ಸಿಗುವುದಿಲ್ಲವಲ್ಲ. ಗೆಳತಿಗೆ ಪುಕ್ಕಟೆ, ಇವಳಿಗೆ ದುಡ್ಡು. ಕಂಡಕ್ಟರ್ ಹೆಂಗಸು "ಮಾರ್ಕೆಟ್ ಅಂದ್ರೆ ಆ ಕಡೆ ಕಣಮ್ಮ" ಅಂತ ನಕ್ಕು, ಬನಶಂಕರಿಯಲ್ಲಿ ಇಳಿಸಿ ಮೆಟ್ರೋ ತೋರಿಸಿದರಂತೆ.

ಹಾಗಾಗಿ ತಾಯಂದಿರೇ, ಮಕ್ಕಳು ಹೊರಡುವಾಗ ಹಣಕ್ಕಿಂತ ಮೊದಲು ಮೂಲ ಗುರುತಿನ ಚೀಟಿ ಚೀಲಕ್ಕೆ ಹಾಕಿಸಿ. ನಾಲ್ಕು ಫೋನ್ ನಂಬರನ್ನು ಕಾಗದದ ಮೇಲೆ ಬರೆಸಿಡಿ, ನನ್ನ ನಂಬರು ನನ್ನ ಮಗಳಿಗೆ ಬಾಯಿಪಾಠವಿಲ್ಲ ಅಂತ ಗೊತ್ತಾಗಿದ್ದು ಅವತ್ತೇ! ಹತ್ತುವ ಮುಂಚೆ ಬಸ್ಸು ಎಲ್ಲಿಗೆ ಅಂತ ಬಾಯಿ ಬಿಟ್ಟು ಕೇಳಲಿ, ಬೆಂಗಳೂರಿನಲ್ಲಿ ಕನ್ನಡದಲ್ಲಿ ಕೇಳಲು ಸಂಕೋಚವೇಕೆ?

ಬನಶಂಕರಿಯಿಂದ ಮತ್ತೆ ಮೆಜೆಸ್ಟಿಕ್, ಅಲ್ಲಿಂದ ವಿಧಾನಸೌಧ. ಈ ಸಲ ನಡೆಯುವ ಮೆಟ್ಟಿಲನ್ನು ತಾನೇ ಮುಂದಾಗಿ ಹತ್ತಿದಳಂತೆ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ, 1956ರಲ್ಲಿ ಮುಗಿದ ಆ ಕಲ್ಲಿನ ಕಟ್ಟಡವನ್ನು ಬೇಲಿಯಾಚೆ ನಿಂತೇ ಕಣ್ತುಂಬ ನೋಡಿದರು. 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಎದುರಿಗೇ ಬರೆದಿದೆಯಲ್ಲ, ಅದನ್ನು ರಾತ್ರಿ ಫೋನಿನಲ್ಲಿ ಹೇಳಿದಾಗ, ಒಂದು ಆದಾಯ ಪತ್ರಕ್ಕಾಗಿ ಅಲೆದು ಅಲೆದು ಚಪ್ಪಲಿ ಸವೆಸಿದ ನಮ್ಮವರು "ದೇವರ ದರ್ಶನಕ್ಕೂ ಕ್ಯೂ ನಿಲ್ಲಬೇಕಲ್ಲ" ಅಂದರು. ಎದುರಿಗಿರುವ ಕೆಂಪು ಕಟ್ಟಡ ಅಠಾರಾ ಕಚೇರಿ. ಅಠಾರಾ ಅಂದರೆ ಹದಿನೆಂಟು, ಹಿಂದೆ ಹದಿನೆಂಟು ಇಲಾಖೆಗಳು ಅಲ್ಲಿದ್ದವು. ಈಗ ಹೈಕೋರ್ಟು. ಅದರ ಹಿಂದೆ ಕಬ್ಬನ್ ಪಾರ್ಕು. ಭಾನುವಾರ ಅದರೊಳಗೆ ವಾಹನ ಬಿಡುವುದಿಲ್ಲ, ರಸ್ತೆ ನಡುವೆಯೇ ಮಕ್ಕಳು ಸೈಕಲ್ ಹೊಡೆಯುತ್ತಿದ್ದರಂತೆ. ಇವರಿಬ್ಬರೂ ಒಂದು ಮರದ ಕೆಳಗೆ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತರು. ಆಗಲೇ ಚೀಲದಿಂದ ಫೋನು ತೆಗೆದದ್ದು, ಹದಿನೇಳು ಕರೆ ಕಂಡದ್ದು.

ಬೈಯಬೇಕೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ರಾತ್ರಿ ಅವಳು ಲೆಕ್ಕ ಒಪ್ಪಿಸಿದಳು, ಇಬ್ಬರದೂ ಸೇರಿ ಏಳುನೂರು ರೂಪಾಯಿ ಮುಟ್ಟಿರಲಿಲ್ಲ. ಆಮೇಲೆ, "ಅಮ್ಮ, ಬಂಡೆ ಮೇಲೆ ನಿಂತಾಗ ಎಲ್ಲಾ ಕಡೆ ಊರೇ ಊರು. ನೀನು ಇದನ್ನ ನೋಡಿದೀಯಾ?" ಅಂದಳು. ಇಲ್ಲ ಅಂದೆ. ಎರಡು ಸಲ ಮದುವೆ, ಎರಡು ಸಲ ಆಸ್ಪತ್ರೆ ಅಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಾರನೆಯ ದಿನ ರವಿಕೆ ಕೊಡುವ ನೆಪದಲ್ಲಿ ಟೈಲರ್ ಮನೆಗೆ ಹೋದೆ. ಆಕೆಯೂ ಲಾಲ್‌ಬಾಗ್ ನೋಡಿಲ್ಲವಂತೆ! ಜನವರಿಯ ಹೂವಿನ ಪ್ರದರ್ಶನಕ್ಕೆ ಇಬ್ಬರೂ ಹೊರಡುವುದೆಂದಾಗಿದೆ. ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಅವಲಕ್ಕಿ ನನ್ನದು, ಕೊಬ್ಬರಿ ಮಿಠಾಯಿ ಆಕೆಯದು. ಒಣಮೆಣಸಿನಕಾಯಿ ಮಾತ್ರ ಇನ್ನೆರಡು ಜಾಸ್ತಿ ಹಾಕಿ ಅಕ್ಕ ಅಂದಿದ್ದಾರೆ.