ಧ್ಯಾನ ಬೇಡ, ಡ್ಯೂಟಿ ಪಟ್ಟಿ ತೋರಿಸಿ

ವೈದ್ಯರು ಕೆಲಸಕ್ಕೂ ಬದುಕಿಗೂ ಸಮತೋಲನ ಕಾಪಾಡ್ಕೋಬೇಕಂತೆ. ಮೊನ್ನೆ ಒಂದು ಕಾರ್ಯಾಗಾರದಲ್ಲಿ ಎರಡು ಗಂಟೆ ಇದನ್ನೇ ಕೊರೆದರು. ಧ್ಯಾನ ಮಾಡಿ, ಡೈರಿ ಬರೀರಿ, ಹವ್ಯಾಸ ಬೆಳೆಸ್ಕೊಳ್ಳಿ.

ನನ್ನ ತಂಗಿ ಪಿಜಿ ಓದ್ತಿದ್ದಾಳೆ. 36 ಗಂಟೆ ಡ್ಯೂಟಿ ಮುಗಿಸಿ ಫೋನ್ ಮಾಡಿದವಳು ಮಾತಿನ ಮಧ್ಯೆಯೇ ನಿದ್ದೆ ಹೋದಳು. ಅವ್ವ ಫೋನ್ ಇಡಲಿಲ್ಲ, ಮಗಳ ಉಸಿರು ಕೇಳ್ತಾ ಕೂತಿದ್ಲು. ಇದಕ್ಕೆ ಯಾವ ಧ್ಯಾನ ಹೇಳ್ತೀರಿ ಸ್ವಾಮಿ?

ದಿನಕ್ಕೆ 12, ವಾರಕ್ಕೆ 48 ಗಂಟೆ ಅಂತ ಕೇಂದ್ರ ಸರ್ಕಾರ ಹೇಳಿದ್ದು 1992ರಲ್ಲಿ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ದಾಟಬಾರದು ಅಂತು. ಮುಂದೆ ಹೋದ್ವಾ, ಹಿಂದೆ ಬಂದ್ವಾ, ನೀವೇ ಲೆಕ್ಕ ಹಾಕಿ.

‘ಎಲ್ಲರಿಗೂ ಕಷ್ಟ ಇದೆ, ಇದ್ರಲ್ಲೂ ಜಾತಿ ಯಾಕೆ?’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಪಟ್ಟಿ ಬರೆಯೋ ಕೈ ಯಾರದ್ದು ಅನ್ನೋದಕ್ಕೇ. ಮೊದಲ ವಾರವೇ ರ‍್ಯಾಂಕ್ ಕೇಳಿದ್ರು. ಕೋಟಾ ಅಂತ ಗೊತ್ತಾದ ಮೇಲೆ ಸಾಲು ಸಾಲು ನೈಟ್ ಡ್ಯೂಟಿ. ಏಪ್ರಿಲ್ 14ಕ್ಕೆ ರಜೆ ಕೇಳಿದ್ರೆ ನಕ್ಕರು. ಸುಸ್ತಾಯ್ತು ಅಂದ್ರೆ ‘ಮೀಸಲಾತಿಯವರ ಹಣೆಬರಹವೇ ಇಷ್ಟು’ ಅಂತಾರೆ. ಬೇರೆಯವರ ಸುಸ್ತು ಬರೀ ಸುಸ್ತು, ನಮ್ಮದು ಅನರ್ಹತೆ!

2019ರ ಮೇ ತಿಂಗಳಲ್ಲಿ ಮುಂಬೈನ ಆದಿವಾಸಿ ಪಿಜಿ ವಿದ್ಯಾರ್ಥಿನಿ ಡಾ. ಪಾಯಲ್ ತಡ್ವಿ ತೀರಿಕೊಂಡರು. ಸೀನಿಯರ್‌ಗಳ ಜಾತಿ ಕಿರುಕುಳದ ಆರೋಪ ಕೋರ್ಟಿಗೆ ಹೋಯ್ತು. ಅವರ ತಾಯಿ, ರೋಹಿತ್ ವೇಮುಲರ ತಾಯಿಯ ಜೊತೆ ಸೇರಿ ಅದೇ ವರ್ಷ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ರು. ಮಕ್ಕಳನ್ನ ಕಳ್ಕೊಂಡ ಅವ್ವಂದಿರೇ ಕೋರ್ಟಿಗೆ ಅಲೀಬೇಕಾ?

ಈ ತಿಂಗಳ ಡ್ಯೂಟಿ ಪಟ್ಟಿನ ಹೆಸರು, ಗಂಟೆ ಸಮೇತ ವಾರ್ಡಿನ ಗೋಡೆಗೆ ಅಂಟಿಸಿ. ಕಾರ್ಯಾಗಾರ ಆಮೇಲೆ ಮಾಡುವಿರಂತೆ.

ಜೈ ಭೀಮ್.